ನರ್ಸಮ್ಮನ ಪಕ್ಕದ ಕುರ್ಚಿ

ಜೂನ್ 3, ಸೋಮವಾರ

ಇವತ್ತೂ ವ್ಹೀಲ್‌ಚೇರ್ ಡ್ಯೂಟಿ. ಆಸ್ಪತ್ರೆ ಗೇಟಿನಿಂದ ಸ್ಕ್ಯಾನಿಂಗ್ ರೂಮು, ಅಲ್ಲಿಂದ ವಾರ್ಡು, ಮತ್ತೆ ಗೇಟು. ಎಡಗಡೆಯ ಚಕ್ರ ಕಿರುಗುಟ್ಟುತ್ತದೆ. ನಮ್ಮ ಬಸ್ ಡಿಪೋದಲ್ಲಾಗಿದ್ದರೆ ಇಂಥ ಗಾಡಿಯನ್ನು ರಸ್ತೆಗೆ ಬಿಡುತ್ತಿರಲಿಲ್ಲ. ನಾಳೆ ಮನೆಯಿಂದ ಎಣ್ಣೆ ಒಯ್ಯಬೇಕು.

ಸಂಬಳವಿಲ್ಲದ ಕೆಲಸಕ್ಕೆ ಇಸ್ತ್ರಿ ಬೇರೆ ಕೇಡು ಎಂದು ಹೆಂಡತಿಯ ಗೊಣಗಾಟ. ಹಾಗಂತ ಮನೆಯಲ್ಲೇ ಇರಿ ಅನ್ನುವುದಿಲ್ಲ. ರಿಟೈರಾದ ಹೊಸದರಲ್ಲಿ ಅವಳ ಹೊಲಿಗೆ ಮಿಷನ್ ಪಕ್ಕ ಕೂತು, ತಿರುವಿನಲ್ಲಿ ನಿಧಾನ, ನಿಧಾನ ಎಂದು ಉಪದೇಶ ಮಾಡುತ್ತಿದ್ದೆ. ಎಲ್ಲಾದರೂ ಹೋಗಿ ಪುಣ್ಯ ಕಟ್ಟಿಕೊಳ್ಳಿ ಎಂದು ಕೈ ಮುಗಿದಳು. ಹಾಗೆ ಹೊರಬಿದ್ದವನು ನಾನು.

ಪುಣ್ಯ ಗಿಣ್ಯ ಏನಿಲ್ಲ. ಸರ್ವೀಸಿನ ಉದ್ದಕ್ಕೂ ಬೆನ್ನ ಹಿಂದೆ ಬಸ್ಸು ತುಂಬ ಜನ. ಜಗಳ, ಕೆಮ್ಮು, ಕೂಸುಗಳ ಅಳು. ರಿಟೈರಾದ ಮರುದಿನದಿಂದ ಬೆನ್ನು ತಣ್ಣಗೆ. ಅಷ್ಟೇ ಕಾರಣ.

ಜೂನ್ 7, ಶುಕ್ರವಾರ

ನರ್ಸಮ್ಮ ಇವತ್ತು ಕೊನೆಯ ವಾರ್ಡಿಗೆ ಕರೆದೊಯ್ದರು. ನಮ್ಮ ವಾಲಂಟಿಯರುಗಳಲ್ಲಿ ಹಿರಿಯರು. ಇದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ರಿಟೈರಾಗಿ, ತಿರುಗಿ ಇಲ್ಲಿಗೇ ಬಂದು ನಮ್ಮ ಹಸಿರು ಕೋಟು ತೊಟ್ಟವರು. ದಿಕ್ಕಿಲ್ಲದ ರೋಗಿ ಸಾಯುವ ಹೊತ್ತಿಗೆ ಪಕ್ಕದಲ್ಲಿ ಕೂರುವುದು ಅವರ ಕೆಲಸ. ಇನ್ನು ನನಗೂ ಕಲಿಸುತ್ತಾರಂತೆ. ಎಲ್ಲ ಸರಿಹೋಗುತ್ತೆ ಅನ್ನಕೂಡದು. ಗಡಿಯಾರ ನೋಡಕೂಡದು. ಅವರು ಕೈ ಹಿಡಿದರೆ ನಾವಾಗಿ ಬಿಡಿಸಿಕೊಳ್ಳಕೂಡದು.

ಮಂಚದ ಮೇಲೆ, ಮನೆಗೆ ಬಣ್ಣ ಬಳಿಯುವವನೊಬ್ಬ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ. ಅವನ ಕೈ ನರ್ಸಮ್ಮನ ಕೈಯಲ್ಲಿ. ನಾನು ಕಾಲಿನ ಹತ್ತಿರ. ಉಸಿರು ಯಾವಾಗ ನಿಂತಿತೋ ನನಗೆ ಗೊತ್ತೇ ಆಗಲಿಲ್ಲ. ಅವರು ಹೊದಿಕೆ ಎಳೆದಾಗಲೇ ತಿಳಿದದ್ದು.

ಮನೆಗೆ ಬಂದು ಸ್ನಾನ. ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತಿಕೊಂಡು ಹೋದಳು.

ಜುಲೈ 16, ಮಂಗಳವಾರ

ಬರೆಯಲು ಮನಸ್ಸಾಗಿರಲಿಲ್ಲ. ಕೆಲಸ ಮಾತ್ರ ರೂಢಿಯಾಗಿದೆ... ರೂಢಿಯಾದದ್ದಕ್ಕೇ ಒಂದು ಥರ ಹೆದರಿಕೆ.

ನರ್ಸಮ್ಮ ಕಳೆದ ವಾರವಿಡೀ ಬಂದಿರಲಿಲ್ಲ. ಇವತ್ತು ಕೊನೆಯ ವಾರ್ಡಿಗೆ ಹೋದರೆ, ಪಕ್ಕದ ಚಿಕ್ಕ ರೂಮಿನಲ್ಲಿ ಅವರೇ ಮಲಗಿದ್ದಾರೆ. ಹಳೆಯ ಸ್ಟಾಫ್ ಎಂದು ರೂಮು ಕೊಟ್ಟಿದ್ದಾರಂತೆ. ಲಿವರ್. ಮುಖವೆಲ್ಲ ಹಳದಿ. ಮೊದಲೇ ಗೊತ್ತಿತ್ತಂತೆ. ಗೊತ್ತಿದ್ದೂ ಮೊನ್ನೆ ಮೊನ್ನೆಯವರೆಗೆ ಬೇರೆಯವರ ಪಕ್ಕ ಕೂತಿದ್ದಾರೆ.

ಕೂರೋಣವೆಂದರೆ ಕುರ್ಚಿ ಇಲ್ಲ. ಆಯಾಗೆ ಹೇಳಿ ತಾನೇ ತೆಗೆಸಿದೆ ಎಂದರು. ದೂರದಲ್ಲಿ ತಂಗಿಯ ಮಗ ಇದ್ದಾನೆ, ಅವನಿಗೂ ಹೇಳಕೂಡದಂತೆ. ಹಸಿರು ಕೋಟಿನವರು ಯಾರೂ ಒಳಗೆ ಬರಕೂಡದಂತೆ. ನನಗೆ ಮಾತ್ರ ಗಾಡಿ ತಳ್ಳಲು ಪರ್ಮಿಷನ್.

ಜುಲೈ 22, ಸೋಮವಾರ

ನರ್ಸಮ್ಮನನ್ನು ಸ್ಕ್ಯಾನಿಂಗಿಗೆ ಕರೆದೊಯ್ದೆ. ಹತ್ತಿ ಮೂಟೆಯಷ್ಟೂ ಭಾರವಿಲ್ಲ. ಬಾಗಿಲಲ್ಲಿ ಕ್ಯೂ. ಕಾಯುತ್ತ ನಿಂತಾಗ ಕೇಳಿಯೇಬಿಟ್ಟೆ.

"ಇಷ್ಟು ಜನರ ಪಕ್ಕ ಕೂತೋರು ನೀವು. ನಿಮ್ಮ ಪಕ್ಕ ಮಾತ್ರ ಯಾರೂ ಬೇಡ ಅಂತೀರಲ್ಲ ಅಕ್ಕ?"

"ಅವರಿಗೋಸ್ಕರ ಕೂತೆ ಅಂದ್ಕೊಂಡ್ಯಾ? ಸಾಯೋದು ಹೇಗಿರುತ್ತೆ ಅಂತ ನೋಡ್ಕೊಳ್ಳೋಕೆ ಕೂತೆ. ಸರ್ವೀಸಲ್ಲಿ ನೋಡೋಕೆ ಪುರುಸೊತ್ತು ಎಲ್ಲಿತ್ತು? ಒಬ್ಬರ ಕಣ್ಣು ಮುಚ್ಚೋದ್ರೊಳಗೆ ಇನ್ನೊಬ್ಬರು ಕೂಗೋರು."

ಗೊತ್ತಾಯಿತೇ ಎಂದೆ.

"ಎಲ್ಲಿ ಗೊತ್ತಾಗುತ್ತೆ ಡ್ರೈವರಪ್ಪ. ಕೂತೋರಿಗೆ ಗೊತ್ತಾಗಲ್ಲ. ಮಲಗಿದೋರು ಹೇಳಲ್ಲ."

ನಕ್ಕರು. ನಗು ಕೆಮ್ಮಾಯಿತು. ಆಮೇಲೆ ನನ್ನ ಕಡೆ ತಿರುಗದೆ, ಒಂದು ಮಾತು ಕೊಡು ಎಂದರು. ಕೊನೆ ಹೊತ್ತಿನಲ್ಲಿ ಬಾಯಿ ತೆರೆದುಕೊಂಡು ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದಾರಂತೆ. ತನ್ನನ್ನು ಹಾಗೆ ಯಾರೂ ನೋಡಬಾರದು. ಆ ಹೊತ್ತಿಗೆ ನಾನು ಹೊರಗಿರಬೇಕು. ಬೇರೆಯವರನ್ನೂ ಒಳಗೆ ಬಿಡಬಾರದು.

ಮಾತು ಕೊಟ್ಟೆ.

ಜುಲೈ 31, ಬುಧವಾರ

ನರ್ಸಮ್ಮ ಹೋದರು. ಮಧ್ಯಾಹ್ನ.

ಬೆಳಿಗ್ಗೆಯೇ ಡಾಕ್ಟರು ಇವತ್ತೇ ಎಂದಿದ್ದರು. ಕೊಟ್ಟ ಮಾತಿನಂತೆ ಬಾಗಿಲು ಮುಚ್ಚಿ ಹೊರಗೆ ನಿಂತೆ. ಒಬ್ಬರಿಬ್ಬರು ವಾಲಂಟಿಯರುಗಳು ಬಂದರು. ವಾಪಸ್ ಕಳಿಸಿದೆ. ಕಾವಲು ನಾಯಿಯ ಹಾಗೆ ನಿಂತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಡ್ಯೂಟಿ ನರ್ಸ್ ಇಂಜೆಕ್ಷನ್ ಕೊಟ್ಟು ಬರಲು ಒಳಗೆ ಹೋದವಳು ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು. ಮುಗಿಯಿತು ಎಂದಳು. ಚಿಕ್ಕ ಹುಡುಗಿ, ಕಣ್ಣು ಕೆಂಪಾಗಿತ್ತು.

"ನೀವು ಇಲ್ಲೇ ಇದ್ರಾ ಅಂಕಲ್? ಮನೆಗೆ ಹೋದ್ರಿ ಅಂದ್ಕೊಂಡೆ. ಡ್ರೈವರ್ ಎಲ್ಲಿ, ಡ್ರೈವರ್ ಬರಲಿಲ್ವಾ ಅಂತ ಕೇಳ್ತಾನೇ ಇದ್ರು."

ನಾನು ಒರಗಿ ನಿಂತಿದ್ದ ಗೋಡೆ ಒಂದೇ ಇಟ್ಟಿಗೆಯಷ್ಟು ದಪ್ಪ. ಆ ಕಡೆ ಅವರ ತಲೆದಿಂಬು.

ಆಗಸ್ಟ್ 5, ಸೋಮವಾರ

ಆಸ್ಪತ್ರೆಗೆ ಹೋಗಿಲ್ಲ. ಕೋಟು ಗೂಟಕ್ಕೆ.

ಇವತ್ತು ಹೆಂಡತಿಗೆ ಎಲ್ಲ ಹೇಳಿದೆ. ಮಿಷನ್ ನಿಲ್ಲಿಸಿ ಕೇಳಿದಳು. ಕೊಟ್ಟ ಮಾತು ಉಳಿಸಿಕೊಂಡಿರಿ ಎಂದಾಳು ಅಂದುಕೊಂಡಿದ್ದೆ. ಅನ್ನಲಿಲ್ಲ. ದಾರ ಹಲ್ಲಿನಲ್ಲಿ ಕಡಿದು, ತಲೆ ಎತ್ತದೆ ಹೇಳಿದಳು:

"ನಾಳೆ ನಾನೂ ಹಂಗೇ ಹೊರಗಿರಿ ಅಂದ್ರೆ, ನನ್ನ ಮಾತು ಕೇಳ್ಬೇಡಿ."

ಆಗಸ್ಟ್ 19, ಸೋಮವಾರ

ಹೋದೆ. ಯಾಕೆ ಹೋದೆನೋ. ಪ್ರಾಯಶ್ಚಿತ್ತ ಅನ್ನುವುದು ದೊಡ್ಡ ಮಾತಾಯಿತು. ಮನೆಯಲ್ಲಿ ಕೂತರೆ ಆ ಗೋಡೆ ಕಣ್ಣ ಮುಂದೆ. ಅಲ್ಲಿಗೆ ಹೋದರೆ ಬರೀ ಗೋಡೆ.

ಹೊಸ ವಾಲಂಟಿಯರ್ ಒಬ್ಬರು ಬಂದಿದ್ದಾರೆ. ಪೋಸ್ಟ್ ಆಫೀಸಿನಲ್ಲಿದ್ದವರು, ಹೋದ ತಿಂಗಳು ರಿಟೈರು. ಕೋಟು ಇನ್ನೂ ಗರಿಗರಿ. ಕೊನೆಯ ವಾರ್ಡಿನ ಕೆಲಸ ಅವರಿಗೆ ನಾನೇ ಕಲಿಸಬೇಕಂತೆ. ಸರಿಹೋಗುತ್ತೆ ಅನ್ನಬೇಡಿ, ಗಡಿಯಾರ ನೋಡಬೇಡಿ ಎಂದೆಲ್ಲ ಗಿಳಿಪಾಠ ಒಪ್ಪಿಸಿದೆ. ತಲೆಯಾಡಿಸುತ್ತಿದ್ದವರು ತಡೆದು ಕೇಳಿದರು. ರೋಗಿಯೇ ನೀವು ಹೊರಗೆ ಹೋಗಿ ಅಂದರೆ ಏನು ಮಾಡೋದು ಸಾರ್?

ಹೇಳಿದೆ — ಹೋಗಿ. ಬಾಗಿಲವರೆಗೆ ಹೋಗಿ. ಆದರೆ ಬಾಗಿಲು ಮುಚ್ಚಬೇಡಿ. ಅಲ್ಲೇ ನಿಂತು, ಅವರ ಕಿವಿಗೆ ಬೀಳುವ ಹಾಗೆ ಒಂದು ಸಲ ಕೆಮ್ಮಿ, ಆಮೇಲೆ ಅವರು ಕರೆದರೆ ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂರಿ.