ನೋಡೂಣು ಅಂದ ಮಾತು

ಅಪ್ಪಾ,

ನೀ ಹೋಗಿ ಆರು ವರ್ಷ ಆತು, ಈ ಕಾಗದ ಯಾರಿಗೂ ಮುಟ್ಟೂದಿಲ್ಲ. ಆದ್ರೂ ಬರೀಲಿಕ್ಕೆ ಕುಂತೇನಿ. ಈ ಪರದೇಶದ ಏರ್‌ಪೋರ್ಟಿನಾಗ ಹನ್ನೆರಡು ತಾಸು ಲಗೇಜು ಎತ್ತಿ ಫೆಲ್ಥಮ್ ಮನಿಗೆ ಬಂದೇನಿ, ಬೂಟು ಬಿಚ್ಚಾಕೂ ಬ್ಯಾಸರ.

ನಿನ್ನ ಮೊಮ್ಮಗಳು ಸೃಷ್ಟಿ ಯೂನಿವರ್ಸಿಟಿ ಟೀಮಿನಾಗ ಫುಟ್‌ಬಾಲ್ ಆಡ್ತಾಳ. ದೊಡ್ಡ ಕ್ಲಬ್ಬಿನವ್ರು ಈಗಿಂದೀಗ ಬಾ ಅಂದಾರ. ಹೋದ್ರ ಡಿಗ್ರಿ ಅರ್ಧಕ್ಕ ನಿಲ್ತೈತಿ. ಹೋದ ವಾರ ನನ್ನ ಮುಂದ ಕುಂತು, "ಡ್ಯಾಡ್, ಶುಡ್ ಐ ಸೈನ್?" ಅಂತ ಕೇಳಿದ್ಲು. ನಾ "ನೋಡೂಣು" ಅಂದೆ. ನಮ್ಮ ಮನ್ಯಾಗ ಹಂಗಂದ್ರ ಬ್ಯಾಡ ಅಂತ ಅರ್ಥ. ಇಲ್ಲೇ ಹುಟ್ಟಿ ಬೆಳೆದಾಕಿಗೆ ಅದೆಲ್ಲಿ ಗೊತ್ತಾಗ್ಬೇಕು? 'ನಮ್ಮಪ್ಪ ನನ್ನ ಆಟ ನೋಡಾಕ ಬರ್ತಾನ' ಅಂತ ಅಂದ್ಕೊಂಡಾಳ.

ಇವತ್ತು ಸಹಿ ಮಾಡಿ ಬಂದಾಳ. ನಾ ಬಾಗಿಲ ದಾಟೂದ್ರಾಗ ಮೊದಲ ಮ್ಯಾಚಿನ ಟಿಕೆಟ್ ಕೈಯಾಗಿಟ್ಟು, "ಯು ಸೆಡ್ ನೋಡೂಣು. ಸೋ ಯು ಹ್ಯಾವ್ ಟು ಕಮ್" ಅಂದ್ಲು.

ಬೈಯಾಕಂತ ಬಾಯಿ ತೆರೆದಾವ, ಮ್ಯಾಚ್ ಯಾವತ್ತು ಅಂತ ಕೇಳಿದೆ. ಶನಿವಾರ ಅಂದ್ಲು. ಫೋನ್ ಮಾಡಿ ಆ ದಿನದ ಶಿಫ್ಟ್ ಬದಲಿ ಮಾಡಿಸೇನಿ.

ಧಾರವಾಡದಾಗ ನಾ ಬಿಎಸ್ಸಿ ಎರಡನೇ ವರ್ಷ ಇದ್ದಾಗ ಬೆಂಗಳೂರಿನ ಫುಟ್‌ಬಾಲ್ ಟೀಮಿನವ್ರು ನನ್ನ ಕರೆದಿದ್ರು, ನೆನಪೈತೇನು? ಅವರ ಕಾಗದ ಹಿಡ್ಕೊಂಡು ನಿನ್ನ ಮುಂದ ನಿಂತಿದ್ದೆ. ನೀನೂ "ನೋಡೂಣು" ಅಂದಿದ್ದಿ.

ನನಗ ಕನ್ನಡ ಛಲೋ ತಿಳೀತಿತ್ತು. ಮತ್ತ ಕೇಳ್ಲಿಲ್ಲ.