ಗೆದ್ದವರಿಗೆ ಲಂಗರಿಲ್ಲ

ಅಕ್ಕಾ,

ಬದುಕಿದ್ದೇನೆ. ನಿನ್ನ ಗಂಡನ ಹಗುರ ಹಾಯಿದೋಣಿಗೂ ನಮ್ಮ ಸೋದರಮಾವನ ಭಾರದ ಹಾಯಿದೋಣಿಗೂ ನಡೆದ ಪಂದ್ಯದಲ್ಲಿ ನಾವೇ ಗೆದ್ದೆವು. ಗೆದ್ದು ಸಾಕಾಗಿ ಹೋಗಿದೆ. ಭಾರ ಇಳಿಸಬೇಕೆಂದು ಭಾವ ಒಲೆ, ಕಂಬಳಿ ಎಲ್ಲ ದಡದಲ್ಲೇ ಬಿಟ್ಟರು. ನನ್ನ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧ ಕತ್ತರಿಸಿದರು. ಮಾವನ ದೋಣಿ ನೋಡಿ "ರುಬ್ಬುಗುಂಡು ತೇಲೋದೇ ಹೆಚ್ಚು" ಅಂತ ನಕ್ಕರು. ಮಾವ "ನಡಿಯಪ್ಪಾ ತರಗೆಲೆ, ಗಾಳಿ ಎಲ್ಲಿಗೆ ಹಾರಿಸುತ್ತೋ ನೋಡೋಣ" ಅಂದರು.

ಪಂದ್ಯದ ಗುರಿಯಾದ ಈ ದ್ವೀಪವನ್ನು ಬೆಳಿಗ್ಗೆಯೇ ಮುಟ್ಟಿದೆವು. ನಿಲ್ಲೋಣ ಅಂದರೆ ಲಂಗರೇ ಇಲ್ಲ! ಅದೂ ಭಾರ ಅಂತ ಬಿಟ್ಟು ಬಂದಿದ್ದಾರೆ ಮಹಾರಾಯರು. ಸುಮ್ಮನೆ ನಿಂತರೆ ಗಾಳಿ ನಮ್ಮನ್ನು ಬಂಡೆಗೆ ಒಯ್ದು ಬಡಿಯುತ್ತದೆ. ಹಾಗಾಗಿ, ಗೆದ್ದ ನಾವು ಗಾಣದೆತ್ತಿನ ಹಾಗೆ ಕೊಲ್ಲಿಯೊಳಗೆ ಸುತ್ತಿದ್ದೇ ಸುತ್ತಿದ್ದು. ಮಧ್ಯಾಹ್ನ ಮಾವ ಚಹಾ ಕುಡಿಯುತ್ತಾ ಆರಾಮಾಗಿ ಬಂದು ಲಂಗರು ಹಾಕಿದ ಮೇಲೆ, ಅವರ ದೋಣಿಗೆ ನಮ್ಮದನ್ನು ಕಟ್ಟಿದೆವು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಮೊದಲು ಬಂದಿದ್ದು ಯಾರು, ಹೇಳಿ ಮಾವ!" ಅಂತ ಕೇಳಿದರು ಭಾವ, ಮಾವನದೇ ಚಹಾ ಕುಡಿಯುತ್ತಾ.

ನನಗೆ ನೆನೆದು ನೆಗಡಿ ಹಿಡಿದಿದೆ. ಜ್ವರವಿಲ್ಲ, ಅಮ್ಮನಿಗೆ ಹೇಳಬೇಡ. ತಡವಾದರೂ ಸರಿ, ವಾಪಸ್ ಮಾವನ ಜೊತೆಗೇ ಬರೋಣ ಅಂತ ಚೀಲ ಹಿಡಿದು ಅವರ ದೋಣಿಗೆ ಹೋದೆ. ಅಲ್ಲಿ ಮಿಕ್ಕಿದ್ದ ಒಂದೇ ಹಾಸಿಗೆಯಲ್ಲಿ, ಮಾವನ ಕಂಬಳಿ ಹೊದ್ದು, ನಿನ್ನ ಗಂಡ ಗೊರಕೆ ಹೊಡೆಯುತ್ತಿದ್ದಾರೆ. ಅಂದರೆ ಆ ತರಗೆಲೆಯನ್ನು ಊರಿಗೆ ತರುವವನು ನಾನು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಕವರು ಭಾರವಂತೆ, ಅದನ್ನೂ ತರಲು ಭಾವ ಬಿಡಲಿಲ್ಲ.

ನಿನ್ನ ಒದ್ದೆ ತಮ್ಮ