ಕಟ್ಟೆ ಏರದ ಗೋಡೆ

ಬಿಬವೇವಾಡಿ, ಪುಣೆ
ಶನಿವಾರ, ೨೨ ನವೆಂಬರ್ ೨೦೨೫

ಪ್ರೀತಿಯ ದೇವಾನಂದಣ್ಣಾ,

ಹೇಗಿದ್ದೀ? ಮಸ್ಕತ್ತಿನ ಬಿಸಿಲು ಈಗಲಾದರೂ ಇಳಿದಿದೆಯೋ ಇಲ್ಲವೋ? ಹಿಂದಿನ ಸಲ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಕಲ್ಲು ಕತ್ತರಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಮಾಸ್ಕು ಕೊಡದಿದ್ದರೆ ಕೇಳು, ಕೇಳಿದರೂ ಕೊಡದಿದ್ದರೆ ಎಲ್ಲರೂ ಕೂಡಿ ಕೇಳಿ. ಇದನ್ನು ತಮ್ಮನಾಗಿ ಹೇಳುತ್ತಿದ್ದೇನೆ, ಕಟ್ಟಡ ಕಾರ್ಮಿಕರ ಸಂಘದವನಾಗಿಯೂ ಹೇಳುತ್ತಿದ್ದೇನೆ. ಅವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ, ಚಿಂತೆ ಮಾಡಬೇಡ. ದುರ್ಗಾ ವೈನಿ ಆರಾಮಾಗಿದ್ದಾಳೆ ಎಂದು ಬರೆದರೆ ಸುಳ್ಳಾದೀತು. ಆರಾಮ ಎನ್ನುವುದು ಕೂತವರ ಮಾತು, ನಿನ್ನ ಹೆಂಡತಿ ಈ ವಾರ ಕೂತದ್ದನ್ನು ನಾನು ಕಂಡಿಲ್ಲ. ಅವಳು ಏನು ಮಾಡಿದಳೆಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ‘ಹೂಂ, ಹೂಂ’ ಎಂದು ಮುಗಿಸಿಬಿಡುತ್ತೀ. ನಮ್ಮ ಓಣಿಯ ಮಹದೇವಪ್ಪ ರಜೆ ಮುಗಿಸಿ ನಾಳೆ ನಿಮ್ಮಲ್ಲಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಕಡೆಯ ಗಂಡಸು ನಾಲ್ಕು ವರ್ಷ ಕಲ್ಲು ಮುಟ್ಟಿದರೆ ಗೌಂಡಿಯಾಗುತ್ತಾನೆ. ಹೆಂಗಸು ತಲೆಗೂದಲು ಸವೆಯುವವರೆಗೆ ಕಲ್ಲು ಹೊತ್ತರೂ ಬಿಗಾರಿ. ಕಲೆಸುವವಳು, ಹೊರುವವಳು, ಕೊಡುವವಳು. ಈ ಅನ್ಯಾಯದ ಮೇಲೆ ನಾನು ಕರಪತ್ರ ಬರೆದಿದ್ದೇನೆ, ಮಾರ್ಕೆಟ್ ಯಾರ್ಡಿನ ಗೇಟಿನ ಮುಂದೆ ನಿಂತು ಗಂಟಲು ಹರಿದುಕೊಂಡಿದ್ದೇನೆ. ವೈನಿ ಭಾಷಣ ಮಾಡಲಿಲ್ಲ, ಗೋಡೆ ಕಟ್ಟಿದಳು. ಮಳೆಗಾಲ ಮುಗಿದ ಮೇಲೆ ಕೋಂಢವಾ ಬಡಾವಣೆಯ ಒಂದು ಕಟ್ಟಡದ ಹಿಂದೆ ಕರಿಕಲ್ಲಿನ ಕಂಪೌಂಡಿನ ಕೆಲಸ ಇತ್ತು. ನಮ್ಮ ಮುದುಕ ಗೌಂಡಿ ಕಾಡಪ್ಪನಿಗೆ ಚಳಿಜ್ವರ ಬಂದು ನಡುಗುತ್ತ ಕೂತಾಗ, ಅವನ ಗಾರೆ ಹಾಕುವ ಕರಣಿ ತೆಗೆದುಕೊಂಡು ವೈನಿ ಮೂಲೆಯಿಂದ ಹಿಡಿದು ಗೇಟಿನವರೆಗೆ ಸುಣ್ಣದ ಗಾರೆಯಲ್ಲಿ ಕಲ್ಲು ಕೂರಿಸಿದಳು, ಸಂದಿನ ಚಕ್ಕೆಗಲ್ಲುಗಳನ್ನು ನಿನ್ನ ಹಾಗೇ ಒಳಗಿಂದ ಬಡಿದು. ನಿನಗೆ ನೆನಪಿರಬೇಕು, ನೀನು ಗೋಡೆಯ ಮೇಲೆ ಕೂತು ಹಿಂದಕ್ಕೆ ತಿರುಗದೆ ಕೈ ಚಾಚಿದರೆ, ಆ ಸಂದಿಗೆ ಕೂಡುವ ಕಲ್ಲೇ ನಿನ್ನ ಅಂಗೈಗೆ ಬಂದು ಬೀಳುತ್ತಿತ್ತು. ಆರಿಸಿ ಕೊಡುತ್ತಿದ್ದವಳು ಯಾರು? ಕಣ್ಣಿಗೆ ಗೊತ್ತಿದ್ದ ವಿದ್ಯೆ ಅವತ್ತು ಕೈಗೆ ಇಳಿಯಿತು, ಅಷ್ಟೇ. ಕಾಡಪ್ಪ ಎದ್ದು ಬಂದು ಮೂಲೆ ನೆಟ್ಟಗಿದೆಯೇ ಎಂದು ದಾರದ ಗುಂಡು ಬಿಟ್ಟು ನೋಡಿದ. ಹಿರಿಯರ ಮುಂದೆ ನಿಂತವನಂತೆ ತನ್ನ ಬೀಡಿಯನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ಅಂಥವನಿಂದ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಮುಂದೆ ಮಾಲೀಕನಿಗೆ ಕಲ್ಲು ಹಳ್ಳಿಗಾಡಿನಂತೆ ಕಂಡಿತು, ಸಿಮೆಂಟು ಬಳಿಸಿಬಿಟ್ಟ. ಪುಣ್ಯಕ್ಕೆ ಅದರ ಮುನ್ನಾ ದಿನವೇ ವೈನಿ ನೀನು ಕಳಿಸಿದ ಹೊಸ ಫೋನಿನಲ್ಲಿ ಫೋಟೋ ಹೊಡೆದುಕೊಂಡಿದ್ದಳು. ಈಗ ಆ ಗೋಡೆ ಲೋಕದಲ್ಲಿ ಉಳಿದಿರುವುದು ಆ ಫೋಟೋಗಳಲ್ಲಿ ಮಾತ್ರ.

ಇನ್ನು ನೀನೂ ದಿನಾ ನೋಡುವ ‘ಗೌಂಡಿ ಕಟ್ಟೆ’ಯ ವಿಷಯ. ಕಲಬುರಗಿಯಿಂದ ಗೋವಾದವರೆಗೆ, ಅಲ್ಲಿಂದ ಕೊಲ್ಲಿಯವರೆಗೆ ಚದುರಿ ಹೋದ ನಮ್ಮ ಗೌಂಡಿಗಳು ತಮ್ಮ ಕೆಲಸದ ಫೋಟೋ ಹಾಕಿ ಒಬ್ಬರನ್ನೊಬ್ಬರು ಹೊಗಳಿ ಬೈದುಕೊಳ್ಳುವ ಆ ಆನ್‌ಲೈನ್ ಕಟ್ಟೆಯಲ್ಲಿ ಒಂದು ಕರೆ ಬಂತು. ತಳೇಗಾಂವ ದಾಭಾಡೆಯಲ್ಲಿ ಹೆಣ್ಣು ಕಾರ್ಮಿಕರಿಗೆ ಕಲ್ಲಿನ ವಸತಿಗೃಹ ಕಟ್ಟಿಸುತ್ತಿರುವ ಮಾಧುರಿ ಎಂಬ ಇಂಜಿನಿಯರಿಗೆ ಗೌಂಡಿಗಳು ಬೇಕಾಗಿದ್ದರು. ಹೆಸರು, ಊರು, ಶಿಫಾರಸು ಏನೂ ಬೇಡ, ನೀವೇ ಕಟ್ಟಿದ ಗೋಡೆಯ ಫೋಟೋ ಹಾಕಿ, ಮೂಲೆ ಮತ್ತು ಸಂದು ಸ್ಪಷ್ಟವಾಗಿ ಕಾಣಬೇಕು, ಅಮಾವಾಸ್ಯೆಯ ಸಂಜೆ ಕೊನೆ. ಓದಿ ಹೇಳಿದೆ. ವೈನಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಅಂದಳು, “ಹೆಸರ ಬ್ಯಾಡ ಅಂದಾರಲ್ಲ? ಹಂಗಾರ ನಾ ಹಾಕ್ತೀನಿ.”

ಅಮಾವಾಸ್ಯೆಯ ದಿನ ನಮ್ಮವರು ಯಾರೂ ಕರಣಿ ಹಿಡಿಯುವುದಿಲ್ಲವಷ್ಟೇ, ಹಾಗಾಗಿ ಮೊನ್ನೆ ಗುರುವಾರ ಎಲ್ಲರೂ ಮನೆಯಲ್ಲೇ ಇದ್ದೆವು. ಸಂಘದ ಖಾತೆಯಿಂದ ಮೊದಲ ಫೋಟೋ ಏರಿಸಿದೆ. ಕೆಂಪು ಅಕ್ಷರ ಬಂತು: ‘ಈ ಬಗೆಯದಕ್ಕೆ ಇಲ್ಲಿ ಅನುಮತಿ ಇಲ್ಲ.’ ಅಣ್ಣಾ, ಆ ಎರಡು ಪದ ಕೇಳಿ ಕೇಳಿ ನಮ್ಮ ಅಜ್ಜಂದಿರ ಬೆನ್ನು ಬಾಗಿದೆ. ಗುಡಿಗೆ ಅನುಮತಿ ಇಲ್ಲ, ಬಾವಿಗೆ ಅನುಮತಿ ಇಲ್ಲ, ಈಗ ಫೋಟೋಕ್ಕೂ ಇಲ್ಲ! ನನ್ನ ನೆತ್ತಿಗೆ ರಕ್ತ ಏರಿತು. ಹೆಣ್ಣಿನ ಕೆಲಸವೆಂದು ಇವರಿಗೆ ಹೇಗೋ ವಾಸನೆ ಹತ್ತಿದೆ ಎಂದುಕೊಂಡು, ಕಟ್ಟೆಯವರಿಗೆ ಕೂಡಲೇ ಒಂದು ಖಂಡನಾಪತ್ರ ಬರೆಯಲು ಕೂತೆ. ಹಲಿಗೆ ತಗೊಂಡು ಬರ್ರೆಂದು ಸಂಘದ ಗೆಳೆಯರಿಗೆ ಫೋನೂ ಹಚ್ಚಿದೆ. ವೈನಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. “ಹಲಿಗಿ ಬಡಕೊಂತ ಎಲ್ಲಿಗ್ ಹೋಗ್ತಿ ಅಂಬು? ಆ ಕಟ್ಟಿ ಫೋನಿನಾಗ ಅದ. ಫೋನ್ ನಡುವ ಇಟ್ಟು ಸುತ್ತ ತಿರಗ್ತಿಯೇನು?” ಅವ್ವ ಒಳಗಿನಿಂದ ನಕ್ಕಳು. ನಾನು ಬಿಡಲಿಲ್ಲ, ಇದು ಶೋಷಣೆ ಎಂದೆ. ಅದಕ್ಕೆ ವೈನಿ ಹೇಳಿದ ಮಾತನ್ನು ನಮ್ಮ ಸಂಘದ ಗೋಡೆಯ ಮೇಲೆ ಬರೆಸಬೇಕು ಅನ್ನಿಸಿತು: “ಗೋಡಿ ವಾಲ್ಯಾದ ಅಂತಂದ್ರ ಮೊದಲ ಗುಂಡ ಬಿಟ್ಟು ನೋಡಬೇಕು. ಬೈಗಳ ಆಮ್ಯಾಲೆ.”

ಗುಂಡು ಬಿಟ್ಟು ನೋಡಿದ ರೀತಿಯನ್ನು ಕೇಳು. ಕಾಡಪ್ಪನ ಹಳೆಯ ಫೋನಿನಿಂದ ಅವನು ಹಿಂದೆ ಕಟ್ಟಿದ ಒಂದು ಗೋಡೆಯ ಫೋಟೋ ಏರಿಸಿದಳು, ಥಟ್ಟನೆ ಹೋಯಿತು. ‘ಕಂಡೆಯಾ, ಗಂಡಸಿನದು ಹೋಯಿತು’ ಎಂದೆ. ಆಮೇಲೆ ನೀನು ಕಳಿಸಿದ ಫೋನಿನಲ್ಲಿ ಕಾಡಪ್ಪನದೇ ಫೋಟೋ ಹೊಡೆದು, ಮೀಸೆ ಸಮೇತ ಏರಿಸಿದಳು. ಅನುಮತಿ ಇಲ್ಲ! ಅದೇ ಫೋನಿನಲ್ಲಿ ಚಹಾದ ಕಪ್ಪಿನ ಫೋಟೋ ಹೊಡೆದಳು, ಅದಕ್ಕೂ ಇಲ್ಲ. “ನೋಡಪಾ, ನಿನ್ನ ಕಟ್ಟಿಗೆ ನನ್ನ ಮ್ಯಾಲೂ ಸಿಟ್ಟಿಲ್ಲ, ಕಾಡಪ್ಪನ ಮ್ಯಾಲೂ ಸಿಟ್ಟಿಲ್ಲ. ತಕರಾರ ನಿಮ್ಮಣ್ಣ ಕಳಿಸಿದ ಫೋನಿಂದು.” ಕಾಡಪ್ಪ ಮಾತ್ರ ತನ್ನ ಮೀಸೆಗಾದ ಅವಮಾನ ಮರೆಯದೆ ಸಂಜೆಯವರೆಗೂ ಗೊಣಗಿದ.

ಕೆಳಗಿನ ಖೋಲಿಯ ಸಿದ್ದಾರೂಢ, ಅದೇ ಈರುಳ್ಳಿ ಅಡತಿಯಲ್ಲಿ ಗುಮಾಸ್ತನಾಗಿರುವವನು, ಬಂದು ನೋಡಿದ. ಫೋಟೋದ ಹೆಸರಿನ ಬಾಲದಲ್ಲಿ ಎಚ್‌ಇಐಸಿ ಎಂದಿತ್ತು. ಕಟ್ಟೆಗೆ ಬೇಕಾದದ್ದು ಜೆಪಿಜಿ. “ಇಷ್ಟೇ ಏನ್ರೀ?” ಎಂದು ಬಾಲ ಅಳಿಸಿ ಜೆಪಿಜಿ ಎಂದು ಬರೆದ. ಫೋಟೋ ಹೋಯಿತು, ನಾವು ಚಪ್ಪಾಳೆಯನ್ನೂ ತಟ್ಟಿದೆವು. ತೆರೆದು ನೋಡಿದರೆ ಗೋಡೆಯ ಜಾಗದಲ್ಲಿ ಮೂಲೆ ಹರಿದ ಒಂದು ಸಣ್ಣ ಚೌಕ! ಹೆಸರು ಬದಲಿಸಿದರೆ ಒಳಗಿನದು ಬದಲಾಗುತ್ತದೆಯೇ? ಗುತ್ತಿಗೆದಾರರು ಬಿಗಾರಿಯನ್ನು ಹೆಲ್ಪರ್ ಎಂದು ಕರೆಯತೊಡಗಿದರು, ಬುಟ್ಟಿ ತಲೆಯಿಂದ ಇಳಿಯಿತೇ? ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಸಿದ್ದಾರೂಢ ಪಾಪ, ತನಗೇ ಬೈದೆನೆಂದು ತಿಳಿದು ಚಹಾ ಕುಡಿಯದೇ ಹೋದ.

ಆಮೇಲೆ ವಾಟ್ಸಾಪಿನ ದಾರಿ ಹಿಡಿದೆವು. ಎದುರುಮನೆಯ ಪಾರವ್ವನ ಫೋನಿಗೆ ಕಳಿಸಿ ಅಲ್ಲಿಂದ ಏರಿಸಿದರೆ ಕಟ್ಟೆ ಒಪ್ಪಿಕೊಂಡಿತು, ಏಕೆಂದರೆ ವಾಟ್ಸಾಪು ದಾರಿಯಲ್ಲೇ ಜೆಪಿಜಿ ಮಾಡಿಬಿಡುತ್ತದಂತೆ. ನಾನು ಗೆದ್ದೆವೆಂದೆ. ವೈನಿ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಮೂಲೆಯನ್ನು ಹುಡುಕಿದಳು. ವಾಟ್ಸಾಪು ಹಗುರ ಮಾಡುವ ಭರದಲ್ಲಿ ಕಲ್ಲು, ಗಾರೆ, ಸಂದು ಎಲ್ಲವನ್ನೂ ಕಲಸಿ ಮುದ್ದೆ ಮಾಡಿತ್ತು. “ತೆಗಿ ಇದನ್ನ. ಇದು ನನ್ನ ಗೋಡಿ ಅಲ್ಲ, ಯಾರೋ ಸಗಣಿ ಬಳದ ಗೋಡಿ.” ಹೊತ್ತು ಇಳಿಯುತ್ತಿದೆ, ಏನೋ ಒಂದು ಹೋಗಲಿ ಬಿಡು ಎಂದು ಅವ್ವ ಅಂದಳು. ನಾನೂ ಅಂದೆ. ಅವಳು ಅಳಿಸಿಯೇ ಬಿಟ್ಟಳು. ಅಣ್ಣಾ, ಚಳವಳಿಯಲ್ಲಿ ನಾನು ಜೈಲು ನೋಡಿದವರನ್ನು ಕಂಡಿದ್ದೇನೆ, ಲಾಠಿ ತಿಂದವರನ್ನು ಕಂಡಿದ್ದೇನೆ. ಸಿಕ್ಕಿದ ಅರೆಗೆಲುವನ್ನು ಹೀಗೆ ಕೈಯಾರೆ ಕೆಡವಿ ಮೊದಲ ಕಲ್ಲಿನಿಂದ ಶುರು ಮಾಡುವ ಧೈರ್ಯದವರು ಅವರಲ್ಲೂ ಕಡಿಮೆ.

ಕೊನೆಗೆ ಅವಳೇ ಕಟ್ಟೆಯಲ್ಲಿ ಪ್ರಶ್ನೆ ಹಾಕಿಸಿದಳು. ನನ್ನ ಖಂಡನಾಪತ್ರವನ್ನಲ್ಲ, ಬರೀ ಇದನ್ನು: ಫೋಟೋ ಇಂಥದ್ದಿದೆ, ಗೋಡೆ ಈಗ ಇಲ್ಲ, ಮತ್ತೆ ತೆಗೆಯಲು ಬರುವುದಿಲ್ಲ, ದಾರಿ ಹೇಳಿ. ಕಟ್ಟೆ ನೋಡಿಕೊಳ್ಳುವ ಹಣಮಂತ್ರಾಯ ಎಂಬವರು, ಮುಖ ಕಾಣದ ಆ ಮನುಷ್ಯನಿಗೆ ನನ್ನ ಶರಣು, ಊಟ ಬಿಟ್ಟು ಉತ್ತರ ಬರೆದರು. ಹೊಸ ಫೋನುಗಳು ಜಾಗ ಉಳಿಸಲು ಫೋಟೋವನ್ನು ಹೀಗೆ ಬೇರೆ ನಮೂನೆಯಲ್ಲಿ ಮಡಚಿ ಇಡುತ್ತವಂತೆ, ನಮ್ಮ ಹಳೆಯ ಕಟ್ಟೆಗೆ ಆ ಮಡಿಕೆ ಬಿಚ್ಚಲು ಬರುವುದಿಲ್ಲವಂತೆ. ಕ್ಯಾಮೆರಾದ ಸೆಟ್ಟಿಂಗ್ ಬದಲಿಸಿದರೆ ಮುಂದಿನ ಫೋಟೋಗಳು ಜೆಪಿಜಿಯಲ್ಲೇ ಬರುತ್ತವೆ, ಹಿಂದೆ ತೆಗೆದದ್ದು ಬದಲಾಗುವುದಿಲ್ಲ. ಹಿಂದಿನದನ್ನು ಫೋನಿನ ಫೈಲುಗಳ ಜಾಗಕ್ಕೆ ಹಾಕಿ, ಬೆರಳು ಒತ್ತಿ ಹಿಡಿದು, ಚಿತ್ರ ಪರಿವರ್ತಿಸು ಎಂಬುದನ್ನು ಆರಿಸಿ, ಜೆಪಿಜಿ ಕೇಳಿ, ಅಳತೆ ಮಾತ್ರ ಮೂಲದ್ದೇ ಇರಲಿ ಎಂದರು. ನಾನು ಓದಿ ಹೇಳುತ್ತ ಹೋದೆ, ವೈನಿ ಮಾಡಿದಳು. ಗೋಡೆ ಕಟ್ಟೆ ಏರಿತು, ಆದರೆ ಅಡ್ಡ ಮಲಗಿ! ಯಾವ ಗೌಂಡಿ ತನ್ನ ಗೋಡೆ ಮಲಗಿದ್ದನ್ನು ನೋಡಿ ಸಹಿಸಿಯಾನು? “ಎಬ್ಬಿಸ್ತೀನಿ ತಡಿ” ಎಂದು ಫೋಟೋವನ್ನು ತಿರುಗಿಸಿ ಉಳಿಸಿ ಮತ್ತೆ ಏರಿಸಿದಳು. ಬಿಸಿಲು ಮಾಳಿಗೆಯಿಂದ ಇಳಿಯುವ ಹೊತ್ತಿಗೆ ಗೋಡೆ ನೆಟ್ಟಗೆ ನಿಂತಿತ್ತು. ಮೂಲೆಯ ಒಂದೊಂದು ಚಕ್ಕೆಗಲ್ಲನ್ನೂ ಎಣಿಸಬಹುದಿತ್ತು.

ಗೋಡೆಯ ಜೊತೆ ವೈನಿಯದೂ ಒಂದು ಫೋಟೋ ಹಾಕೋಣ, ಕಟ್ಟಿದ್ದು ಹೆಣ್ಣೆಂದು ಲೋಕಕ್ಕೆ ತಿಳಿಯಲಿ ಎಂದು ನಾನು ಹಟ ಹಿಡಿದೆ. ಅವಳು ಕೇಳಲಿಲ್ಲ. “ಮೊದಲ ಗೋಡಿ ನೋಡ್ಲಿ. ನನ್ನ ಮಾರಿ ಆಮ್ಯಾಲೆ ನೋಡ್ಲಿ.” ನಿನ್ನೆ ಮಾಧುರಿಯವರ ಫೋನು ಬಂತು. ಈ ಮೂಲೆ ಕಟ್ಟಿದವರ ಜೊತೆ ಮಾತಾಡಬೇಕು ಎಂದರು. ವೈನಿಗೆ ಕೊಟ್ಟೆ. “ಹೌದ್ರಿ, ನಾನಽ ಕಟ್ಟೀನ್ರಿ” ಎಂದಳು. ಆಮೇಲೆ ಬುಧವಾರ ಬೆಳಿಗ್ಗೆ ತಳೇಗಾಂವಕ್ಕೆ ಬರ್ರಿ ಎಂದರಂತೆ. ಬಿಗಾರಿಯಾಗಿ ಅಲ್ಲ ಅಣ್ಣಾ, ಗೌಂಡಿಯಾಗಿ. ಅವ್ವ ಅವಳ ಗಲ್ಲ ಸವರಿ ನೆಟಿಕೆ ಮುರಿದಳು. ಕಾಡಪ್ಪ ಸಂಜೆ ಹೊಸ ದಾರದ ಗುಂಡೊಂದನ್ನು ತಂದು ಕೊಟ್ಟು ಹೋದ.

ಅನುಮತಿ ಇಲ್ಲ ಎಂದದ್ದು ಈ ಸಲ ಜಾತಿಯಲ್ಲ, ಗಂಡಸಿನ ಸೊಕ್ಕಲ್ಲ, ಬರೀ ಫೋಟೋದ ನಮೂನೆ. ಆದರೂ ಸಿಟ್ಟಿಗೆದ್ದದ್ದಕ್ಕೆ ನಾನು ನಾಚುವುದಿಲ್ಲ. ಸಾವಿರ ಸಲ ಬಾಗಿಲು ಹಾಕಿಸಿಕೊಂಡವನು ಗಾಳಿಗೆ ಬಾಗಿಲು ಬಡಿದರೂ ಎದ್ದು ನಿಲ್ಲುತ್ತಾನೆ. ವೈನಿಯಿಂದ ಕಲಿತದ್ದು ಇಷ್ಟು: ಎದ್ದು ನಿಂತ ಮೇಲೆ ಅಗುಳಿಯನ್ನೂ ಒಮ್ಮೆ ನೋಡಬೇಕು.

ಅವ್ವನ ಆಶೀರ್ವಾದ ಇದರ ಜೊತೆಗಿದೆ, ಶೇಂಗಾದ ಹಿಂಡಿಯೂ ಮಹದೇವಪ್ಪನ ಚೀಲದಲ್ಲಿದೆ. ಅವನು ದಾರಿಯಲ್ಲಿ ತಿನ್ನದಿದ್ದರೆ ನಿನಗೆ ಸಿಗುತ್ತದೆ. ಕೆಮ್ಮಿಗೆ ಡಾಕ್ಟರಿಗೆ ತೋರಿಸು.

ನಿನ್ನ ಸಿಟ್ಟಿನ ತಮ್ಮ,
ಅಂಬಾರಾಯ

ತಾ.ಕ.: ಮಹದೇವಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಗೌಂಡಿಗಳ ರಿವಾಜು ನಿನಗೆ ಗೊತ್ತು, ಗುರು ತನ್ನ ಕರಣಿಯನ್ನು ಕೈಯಲ್ಲಿ ಇಟ್ಟ ಮೇಲೆಯೇ ಶಿಷ್ಯ ಗೌಂಡಿ. ನಿನ್ನ ಕರಣಿ ನೀನು ಹೋದಂದಿನಿಂದ ಅದೇ ಮೊಳೆಯಲ್ಲಿ ತೂಗುತ್ತಿದೆ, ವೈನಿ ಮುಟ್ಟಿಲ್ಲ. ಹಕ್ಕನ್ನು ಯಾರೂ ಕೊಡುವುದಿಲ್ಲ, ಕಸಿದುಕೋ ಎಂದು ನಾನು ಹೇಳಿ ನೋಡಿದೆ. “ನಿನ್ನ ಹಕ್ಕ ಕಸಗೋ ಅಂಬು. ಕರಣಿ ಕಸಗೊಳ್ಳೂದಲ್ಲ, ಕೊಟ್ಟರ ತಗೊಳ್ಳೂದು” ಎಂದಳು. ಇನ್ನೊಂದು ಮಾತು. ಮೊನ್ನೆ ರಾತ್ರಿ ಸಂಘದ ಖಾತೆಯಲ್ಲಿ ಆ ಗೋಡೆಯನ್ನು ಕಂಡು ನೀನೇ ಕೆಳಗೆ ಬರೆದಿದ್ದೀಯಲ್ಲ, ‘ಮೂಲಿ ನೋಡ್ರೋ, ಚಕ್ಕಿ ಒಳಗಿಂದ ಬಡದಾನ ಮಗ! ಅಂಬು, ಯಾರಪಾ ಈ ಹೊಸ ಗೌಂಡಿ? ಇವನ ಗುರು ಯಾರು?’ ಎಂದು. ನಾನು ಉತ್ತರ ಹಾಕಿಲ್ಲ, ವೈನಿ ತಡೆದಿದ್ದಾಳೆ. ಅವಳು ಅದನ್ನು ಎಷ್ಟು ಸಲ ನನ್ನಿಂದ ಓದಿಸಿದಳೆಂದು ನಾನು ಹೇಳುವುದಿಲ್ಲ. ಗುರು ಯಾರೆಂದು ನಿನಗೀಗ ತಿಳಿಯಿತು. ಬುಧವಾರದೊಳಗೆ ಫೋನು ಮಾಡು. ನನಗಲ್ಲ, ಅವಳಿಗೆ.